ನಾಲ್ಕೈದು ಎಕರೆ ತೋಟಕ್ಕೆ ಯಾವ ವೀಡ್ ಕಟರ್? ಟೂ ಸ್ಟ್ರೋಕೋ, ಫೋರ್ ಸ್ಟ್ರೋಕೋ, ಚಕ್ರದ್ದೋ?

ಮುಂಗಾರು ಹತ್ತಿರ ಬಂತೆಂದರೆ ವೀಡ್ ಕಟರ್, ಅಂದರೆ ಹುಲ್ಲು ಕತ್ತರಿಸುವ ಮೆಷಿನ್ ಬಗ್ಗೆ ಈ ಪ್ರಶ್ನೆ ಶುರುವಾಗುತ್ತದೆ. "ನಾಲ್ಕೂವರೆ ಎಕರೆ ಅಡಿಕೆ ಇದೆ. ಮಧ್ಯೆ ಬಾಳೆ, ಕಾಳುಮೆಣಸು. ಹುಲ್ಲು ಹೊಡೆಯಲು ಜನ ಸಿಗುತ್ತಿಲ್ಲ. 30–35 ಸಾವಿರದ ಒಳಗೆ ಯಾವ ಮೆಷಿನ್ ತಗೊಳ್ಳಲಿ?" ಕೇಳುವವರ ಬಳಿ ಆಗಲೇ ಮೂರು ನಾಲ್ಕು ಹೆಸರು ಇರುತ್ತವೆ. ಅಂಗಡಿಯವರು ಒಂದು ಹೇಳಿದ್ದಾರೆ, ಪಕ್ಕದ ತೋಟದವರು ಇನ್ನೊಂದು, ಕೃಷಿ ಮೇಳದಲ್ಲಿ ಕಂಡದ್ದು ಮತ್ತೊಂದು. ಎಲ್ಲದರ ಮೇಲೂ ದೊಡ್ಡದಾಗಿ ಸಿಸಿ, ಅಂದರೆ ಎಂಜಿನ್ನಿನ ಗಾತ್ರ, ಬರೆದಿರುತ್ತದೆ. 35, 40, 43, 52. ಸಂಖ್ಯೆ ಜಾಸ್ತಿ ಇದ್ದದ್ದೇ ಒಳ್ಳೆಯದು ಅಂತ ಅನಿಸುವುದು ಸಹಜ.

ಈಗ ಕೇಳುವವರು ಹೆಚ್ಚಾಗಲು ಕೂಲಿಯ ಅಭಾವವೊಂದೇ ಕಾರಣವಲ್ಲ. ಕಳೆನಾಶಕ ಬಿಟ್ಟು ಮೆಷಿನ್‌ಗೆ ಬರುತ್ತಿರುವವರೂ ಇದ್ದಾರೆ. ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಬಳಸಬೇಕು ಎಂದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಅದಕ್ಕೂ ಮೊದಲೇ ತೋಟದ ಮಣ್ಣು ಹಾಳಾಗುತ್ತದೆ ಅಂತ ಬಿಟ್ಟವರು ಬಹಳ ಜನ. ಇಳಿಜಾರು ತೋಟದಲ್ಲಿ ಹುಲ್ಲಿನ ಬೇರು ಮಣ್ಣನ್ನು ಹಿಡಿದಿರಬೇಕು. ಮೇಲಿನ ಭಾಗ ಮಾತ್ರ ಕತ್ತರಿಸಿ ಅಲ್ಲೇ ಹಾಸಿದರೆ ಅದೇ ಗೊಬ್ಬರ. ಅದಕ್ಕೇ ವೀಡ್ ಕಟರ್ ನಮ್ಮ ಕಡೆಯ ತೋಟಗಳಿಗೆ ಇಷ್ಟು ಹೊಂದಿಕೊಂಡಿರುವುದು.

ಅಮೆರಿಕದಲ್ಲಿ ಮಗನೋ ಮಗಳೋ ಇರುವವರು ಆಗಾಗ ಝೀರೋ ಟರ್ನ್ ಮೋವರ್ ಬಗ್ಗೆಯೂ ಕೇಳುತ್ತಾರೆ. ಮೇಲೆ ಕೂತು ಎರಡು ಲಿವರ್ ಹಿಡಿದು ನಿಂತಲ್ಲೇ ತಿರುಗಿಸುವ ಯಂತ್ರ ಅದು. ಹಿಂದಿನ ಎರಡು ಚಕ್ರಕ್ಕೂ ಬೇರೆ ಬೇರೆ ಹೈಡ್ರಾಲಿಕ್ ಚಾಲನೆ ಇರುವುದರಿಂದ ಹಾಗೆ ತಿರುಗುತ್ತದೆ. ಅಲ್ಲಿನ ಎರಡು ಮೂರು ಎಕರೆ ಸಮತಟ್ಟು ಹುಲ್ಲುಹಾಸಿಗೆ ಬಹಳ ಒಳ್ಳೆಯದು. ಆದರೆ ಹೆಚ್ಚಿನ ಕಂಪನಿಗಳು ಅದನ್ನು 10ರಿಂದ 15 ಡಿಗ್ರಿಗಿಂತ ಕಡಿದಾದ ಇಳಿಜಾರಲ್ಲಿ ಓಡಿಸಬೇಡಿ ಎನ್ನುತ್ತವೆ. ಬಸಿಗಾಲುವೆ, ಕಲ್ಲು, ಸ್ಪ್ರಿಂಕ್ಲರ್ ಕಡ್ಡಿ ಇರುವ ಅಡಿಕೆ ತೋಟಕ್ಕೆ ಅದು ಆಗುವುದಿಲ್ಲ. ಅಷ್ಟು ಹೇಳಿ ನಮ್ಮ ಮೆಷಿನ್‌ಗಳಿಗೆ ಬರುತ್ತೇನೆ.

ಹೆಸರು ನೋಡುವ ಮೊದಲು

ಮೊದಲು ನೆಲ. ತೋಟದಲ್ಲಿ ಒಮ್ಮೆ ನಡೆದು ನೋಡಿ. ಎಷ್ಟು ಭಾಗ ಸಮತಟ್ಟು, ಎಷ್ಟು ಇಳಿಜಾರು, ಎಷ್ಟು ಧರೆ (ಕಡಿದಾದ ಮಣ್ಣಿನ ದಿಬ್ಬ)? ಸಾಲಿನ ಮಧ್ಯೆ ಕಾಲುವೆ ಇದೆಯಾ? ಡ್ರಿಪ್ ಪೈಪ್ ನೆಲದ ಮೇಲೇ ಹಾದಿದೆಯಾ? ಅಡಿಕೆಯನ್ನು 9 ಅಡಿಗೆ 9 ಅಡಿ ಲೆಕ್ಕದಲ್ಲಿ ನೆಟ್ಟಿದ್ದರೆ ಮಧ್ಯೆ ಓಡಾಡಲು ಜಾಗ ಇದೆ. ಆದರೆ ಆ ಜಾಗದಲ್ಲೇ ಬಾಳೆ, ಕೋಕೋ ಬಂದಿದ್ದರೆ ಅಗಲದ ಯಂತ್ರ ಒಳಗೆ ತಿರುಗುವುದಿಲ್ಲ. 25–30 ಅಡಿ ಅಂತರದ ತೆಂಗಿನ ತೋಟದ ಕತೆಯೇ ಬೇರೆ.

ಆಮೇಲೆ ಹುಲ್ಲು. ಮೊಣಕಾಲು ಮಟ್ಟದ ಎಳೆ ಹುಲ್ಲಿಗೂ ಎದೆಮಟ್ಟ ಬೆಳೆದ ಗಿನಿ ಹುಲ್ಲಿಗೂ ಬೇಕಾದ ಶಕ್ತಿ ಒಂದೇ ಅಲ್ಲ. ಬೇಲಿ ಬದಿಯಲ್ಲಿ ಲಂಟಾನ ಗಟ್ಟಿಯಾಗಿದ್ದರೆ ಮತ್ತೂ ಬೇರೆ.

ಮೂರನೆಯದು, ಮೆಷಿನ್ ಯಾರು ಹೊರುತ್ತಾರೆ ಎಂಬುದು. ಇದನ್ನು ಕೇಳಿಕೊಳ್ಳುವವರು ತುಂಬಾ ಕಡಿಮೆ. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಪ್ರಶ್ನೆ. 28 ವರ್ಷದ ಹುಡುಗ ದಿನಕ್ಕೆ ಐದು ಗಂಟೆ ಹಿಡಿಯುವುದು ಬೇರೆ, 60 ದಾಟಿದವರು ಬೆಳಿಗ್ಗೆ ಒಂದೂವರೆ ಗಂಟೆ ತಮ್ಮ ತೋಟ ತಾವೇ ಸವರುವುದು ಬೇರೆ. ಒಂದು ಕಿಲೋ ವ್ಯತ್ಯಾಸ ಅಂಗಡಿಯಲ್ಲಿ ಗೊತ್ತೇ ಆಗುವುದಿಲ್ಲ. ಎರಡನೇ ಟ್ಯಾಂಕ್ ಹೊತ್ತಿಗೆ ಹೆಗಲಿಗೆ ಗೊತ್ತಾಗುತ್ತದೆ. ಭಾರದ ಜೊತೆಗೆ ಅದುರುವಿಕೆಯನ್ನೂ ನೋಡಬೇಕು. ಜಾಸ್ತಿ ಅದುರುವ ಹಿಡಿ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದವರಿಗೆ ಬೆರಳು ಜೋಮು ಹಿಡಿಯುವ, ಚಳಿಯಲ್ಲಿ ಬಿಳಿಚಿಕೊಳ್ಳುವ ತೊಂದರೆ ಬರುತ್ತದೆ. ಒಳ್ಳೆಯ ಕಂಪನಿಗಳ ಕೈಪಿಡಿಯಲ್ಲಿ ಹಿಡಿಯ ಅದುರುವಿಕೆಯ ಅಳತೆ ಬರೆದಿರುತ್ತದೆ. ಯುರೋಪಿನ ನಿಯಮದಲ್ಲಿ ಎಂಟು ಗಂಟೆ ಕೆಲಸದ ಸರಾಸರಿಗೆ 2.5 m/s² ಎಚ್ಚರಿಕೆಯ ಗೆರೆ, 5 m/s² ಮೀರಬಾರದ ಗೆರೆ. ಎರಡು ಮೆಷಿನ್ ಮಧ್ಯೆ ತೂಗುವಾಗ ಆ ಅಂಕಿ ಸಿಸಿಗಿಂತ ಹೆಚ್ಚು ಹೇಳುತ್ತದೆ.

ನಾಲ್ಕನೆಯದು ರಿಪೇರಿ. ಕಾರ್ಬ್ಯುರೇಟರ್ ಕಟ್ಟಿಕೊಂಡಿತು, ಸ್ಟಾರ್ಟರ್ ಹಗ್ಗ ತುಂಡಾಯಿತು, ಕ್ಲಚ್ ಸವೆಯಿತು. ಇವೆಲ್ಲ ಆಗಿಯೇ ಆಗುತ್ತವೆ, ಯಾವ ಹೆಸರಿನ ಮೆಷಿನ್ ಆದರೂ ಸರಿ. ಆಗ ಭಾಗ ಸಿಗುವ ಅಂಗಡಿ 15 ಕಿಲೋಮೀಟರ್ ಒಳಗೆ ಇದೆಯಾ, ಅಥವಾ ಜಿಲ್ಲಾ ಕೇಂದ್ರಕ್ಕೆ ಹೋಗಿ ವಾರ ಕಾಯಬೇಕಾ? ಜೂನ್, ಜುಲೈನಲ್ಲಿ ಒಂದು ವಾರ ಮೆಷಿನ್ ಮಲಗಿದರೆ ಹುಲ್ಲು ಎಷ್ಟು ಏರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಗಂಟೆಗೆ ಬೀಳುವ ಖರ್ಚು ಮತ್ತು ಮೆಷಿನ್ ಬೆಲೆ ಇಷ್ಟಾದ ಮೇಲೆ ಬರಲಿ.

ಅಗ್ಗದ ಟೂ ಸ್ಟ್ರೋಕ್

ಟೂ ಸ್ಟ್ರೋಕ್ ಅಂದರೆ ಎಣ್ಣೆ ಬೆರೆಸಿದ ಪೆಟ್ರೋಲಿನಲ್ಲಿ ಓಡುವ ಎಂಜಿನ್. ಫೋರ್ ಸ್ಟ್ರೋಕ್‌ಗೆ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಎಂಟರಿಂದ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುವ, 43 ಅಥವಾ 52 ಸಿಸಿ ಅಂತ ಬರೆದ ಮೆಷಿನ್‌ಗಳಿವು. ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಎಂಜಿನ್ ಹೆಚ್ಚುಕಡಿಮೆ ಒಂದೇ ಮಾದರಿಯದ್ದು. ಇದರಿಂದ ಒಂದು ಅನುಕೂಲವೂ ಇದೆ. ಪಿಸ್ಟನ್, ಕಾರ್ಬ್ಯುರೇಟರ್, ಕ್ಲಚ್ ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ಕಡಿಮೆ. ಊರಿನ ಬೈಕ್ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸುತ್ತಾನೆ. ಎಂಜಿನ್ನಿಂದ ಬ್ಲೇಡಿಗೆ ಹೋಗುವ ಶಾಫ್ಟ್‌ನ (ಸರಳಿನ) ತುದಿಯ ಹಲ್ಲು 7 ಇದೆಯೋ 9 ಇದೆಯೋ ಅಂತ ಮಾತ್ರ ಬರೆದಿಟ್ಟುಕೊಳ್ಳಿ. ಬಿಡಿಭಾಗ ತರುವಾಗ ಅದು ತಾಳೆಯಾಗಬೇಕು.

ತೊಂದರೆ ಅದುರುವಿಕೆ, ಸದ್ದು, ಪೆಟ್ರೋಲ್. ಒಂದು ಎಕರೆ ಒಳಗಿನ ತೋಟ, ವರ್ಷಕ್ಕೆ ಎರಡು ಸಲ, ಹಿಡಿಯುವವರು ಗಟ್ಟಿ ಆಳು ಅಂದರೆ ಇದು ಸಾಕು. ಜಾಸ್ತಿ ಹಣ ಹಾಕುವ ಅಗತ್ಯವಿಲ್ಲ. ನಾಲ್ಕೈದು ಎಕರೆಗೆ ನಾನು ಇದನ್ನು ಹೇಳುವುದಿಲ್ಲ. ವರ್ಷಕ್ಕೆ ನೂರು ಗಂಟೆ ಓಡುವ ಕೆಲಸಕ್ಕೆ ಹಿಡಿಯುವವರ ಕೈಗೆ ಬಹಳ ತ್ರಾಸ ಆಗುತ್ತದೆ. ಇನ್ನೊಂದು ಮಾತು. 52 ಸಿಸಿ ಎಂಬ ಬರಹ ನೋಡಿ ಶಕ್ತಿ ಅಳೆಯಬೇಡಿ. ಕಿಲೋವ್ಯಾಟ್ ಎಷ್ಟು ಅಂತ ಕೇಳಿ. ಒಳ್ಳೆಯ ಕಂಪನಿಯ 40 ಸಿಸಿ ಎಂಜಿನ್ ಸುಮಾರು 1.6 ಕಿಲೋವ್ಯಾಟ್ ಕೊಡುತ್ತದೆ. ಹೆಸರಿಲ್ಲದ 52 ಅದಕ್ಕಿಂತ ಕಡಿಮೆಯೂ ಇರಬಹುದು.

ನಿಜವಾದ ಪೈಪೋಟಿ: ಕಂಪನಿ ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್

ಸುಮಾರು 25ರಿಂದ 40 ಸಾವಿರದ ನಡುವೆ ಬಹುತೇಕರು ಒದ್ದಾಡುವುದು ಇಲ್ಲೇ. ಒಂದು ಕಡೆ ಸ್ಟಿಲ್, ಹಸ್ಕ್ವರ್ನಾದಂಥ ಟೂ ಸ್ಟ್ರೋಕ್. ಇನ್ನೊಂದು ಕಡೆ ಹೋಂಡಾದ ಫೋರ್ ಸ್ಟ್ರೋಕ್. ಉದಾಹರಣೆಗೆ ಸ್ಟಿಲ್ ಎಫ್‌ಎಸ್ 250 ತಗೊಳ್ಳಿ. 40.2 ಸಿಸಿ, 1.6 ಕಿಲೋವ್ಯಾಟ್, ಬ್ಲೇಡ್ ಇಲ್ಲದೆ 6.3 ಕಿಲೋ. ಹಸ್ಕ್ವರ್ನಾ 143 ಆರ್ ಸರಣಿಯದ್ದು 41.5 ಸಿಸಿ, 1.5 ಕಿಲೋವ್ಯಾಟ್ ಆಸುಪಾಸು. ಹೋಂಡಾ ಯುಎಂಕೆ 435ರಲ್ಲಿರುವುದು ಜಿಎಕ್ಸ್ 35 ಎಂಜಿನ್. 35.8 ಸಿಸಿ, ಸುಮಾರು 1 ಕಿಲೋವ್ಯಾಟ್. ಭಾರ ಟೂ ಸ್ಟ್ರೋಕ್‌ಗಿಂತ ಸ್ವಲ್ಪ ಹೆಚ್ಚು.

ಕಾಗದದ ಮೇಲೆ ನೋಡಿದರೆ ಟೂ ಸ್ಟ್ರೋಕ್ ಗೆದ್ದೇಬಿಟ್ಟಿತು. ಭಾರ ಕಡಿಮೆ, ಶಕ್ತಿ ಒಂದೂವರೆ ಪಟ್ಟು. ಲಂಟಾನ, ಒಣಗಿ ಗಟ್ಟಿಯಾದ ಗಿನಿ ಹುಲ್ಲು, ಬೇಲಿಯ ಪೊದೆ ಇವುಗಳಿಗೆ ಆ ಶಕ್ತಿ ಬೇಕೇ ಬೇಕು. ಆ್ಯಕ್ಸಿಲರೇಟರ್ ಒತ್ತಿದ ತಕ್ಷಣ ವೇಗ ಏರುತ್ತದೆ. ಬ್ಲೇಡಿನ ಬದಲು ನೈಲಾನ್ ತಂತಿ ಹಾಕಿ ಹೊಡೆಯುವಾಗ ಆ ವೇಗ ಬಹಳ ಉಪಯೋಗ.

ಆದರೆ ಐದು ಎಕರೆ ತೋಟದಲ್ಲಿ ವರ್ಷವಿಡೀ ಹೊಡೆಯುವುದು ಏನನ್ನು? ಹತ್ತರಲ್ಲಿ ಎಂಟು ಪಾಲು ಮೊಣಕಾಲೆತ್ತರದ ಮೆತ್ತನೆ ಹುಲ್ಲು. ಅದಕ್ಕೆ 1 ಕಿಲೋವ್ಯಾಟ್ ಸಾಕು. ಫೋರ್ ಸ್ಟ್ರೋಕ್ ಕಡಿಮೆ ವೇಗದಲ್ಲೂ ಎಳೆಯುತ್ತದೆ. ಆದ್ದರಿಂದ ಅರ್ಧ ಆ್ಯಕ್ಸಿಲರೇಟರ್‌ನಲ್ಲೇ ಕೆಲಸ ಸಾಗುತ್ತದೆ. ಸದ್ದಿನ ಧಾಟಿ ಬೇರೆ, ಅದುರುವಿಕೆ ಕಡಿಮೆ, ಎಣ್ಣೆ ಹೊಗೆ ಮುಖಕ್ಕೆ ಹೊಡೆಯುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಮೆಷಿನ್ ಜೊತೆಗೇ ಇರುವವರಿಗೆ ಈ ಹೊಗೆಯ ವ್ಯತ್ಯಾಸ ಸಣ್ಣದಲ್ಲ.

ಇಂಧನದ ಲೆಕ್ಕ ನೋಡೋಣ. ಟೂ ಸ್ಟ್ರೋಕ್‌ನಲ್ಲಿ ಒಳಗೆ ಬಂದ ಪೆಟ್ರೋಲ್‌ನ ಒಂದು ಪಾಲು ಸುಡದೆಯೇ ಸೈಲೆನ್ಸರ್ ಕಡೆ ಹೋಗಿಬಿಡುತ್ತದೆ. ಅದು ಆ ಎಂಜಿನ್ನಿನ ಹುಟ್ಟುಗುಣ. ಹೊಸ ಮಾದರಿಗಳಲ್ಲಿ ಇದನ್ನು ತಗ್ಗಿಸಿದ್ದಾರೆ. ಸ್ಟಿಲ್‌ನವರು ಟೂ ಮಿಕ್ಸ್, ಹಸ್ಕ್ವರ್ನಾದವರು ಎಕ್ಸ್ ಟಾರ್ಕ್ ಅನ್ನುವುದು ಅದನ್ನೇ. ಹಳೆಯ ಬಗೆಗಿಂತ ಶೇ. 20ರವರೆಗೆ ಉಳಿತಾಯ ಅಂತ ಇಬ್ಬರೂ ಹೇಳುತ್ತಾರೆ. ಕೊಳ್ಳುವ ಮಾದರಿಯಲ್ಲಿ ಅದು ಇದೆಯಾ ಅಂತ ಕೇಳಿ, ಎಲ್ಲದರಲ್ಲೂ ಇರುವುದಿಲ್ಲ. ಅಂದಾಜಿಗೆ ಫೋರ್ ಸ್ಟ್ರೋಕ್ ಗಂಟೆಗೆ ಅರ್ಧ ಲೀಟರ್, 40 ಸಿಸಿಯ ಟೂ ಸ್ಟ್ರೋಕ್ ಮುಕ್ಕಾಲರಿಂದ ಒಂದು ಲೀಟರ್ ಅಂತ ಇಟ್ಟುಕೊಳ್ಳಿ. ನಾಲ್ಕೂವರೆ ಎಕರೆ, ವರ್ಷಕ್ಕೆ ಮೂರು ಸಲ, ಎಕರೆಗೆ ಏಳು ಗಂಟೆ ಎಂಜಿನ್ ಓಡಿತು ಅಂದರೆ ಹೆಚ್ಚುಕಡಿಮೆ ನೂರು ಗಂಟೆ. ವ್ಯತ್ಯಾಸ 25ರಿಂದ 50 ಲೀಟರ್. ಲೀಟರಿಗೆ ನೂರು ರೂಪಾಯಿ ಹಿಡಿದರೂ ಎರಡೂವರೆಯಿಂದ ಐದು ಸಾವಿರ. ಮೇಲೆ ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಖರ್ಚು ಬೇರೆ. ಮೂರು ನಾಲ್ಕು ವರ್ಷದಲ್ಲಿ ಇದು ಸಣ್ಣ ಮೊತ್ತವಲ್ಲ.

ಮಿಶ್ರಣದ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದೇ ಕೆಲವರಿಗೆ ತೀರ್ಮಾನದ ಅಂಶ ಆಗಬಹುದು. ಸ್ಟಿಲ್‌ನ ಸ್ವಂತ ಎಣ್ಣೆಯಾದರೆ 50ಕ್ಕೆ 1, ಅಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿ. ಬೇರೆ ಟೂಟಿ ಆಯಿಲ್ ಆದರೆ 25ಕ್ಕೆ 1, ಅಂದರೆ ದುಪ್ಪಟ್ಟು. ಅಳತೆ ಮುಚ್ಚಳ ಬಿಟ್ಟು ಕಣ್ಣಂದಾಜಿನಲ್ಲಿ ಹಾಕಿದರೆ ಎಂಜಿನ್ ಉಳಿಯುವುದಿಲ್ಲ. ಕೆಲಸಕ್ಕೆ ಬೇರೆ ಬೇರೆ ಜನ ಬರುತ್ತಾರೆ, ಒಬ್ಬೊಬ್ಬರು ಒಂದೊಂದು ರೀತಿ ಕಲಸುತ್ತಾರೆ ಅನ್ನುವ ತೋಟಗಳಲ್ಲಿ, ದಿನಾ ಆಯಿಲ್ ನೋಡಲು ಮನೆಯವರು ಒಬ್ಬರಿದ್ದರೆ, ಫೋರ್ ಸ್ಟ್ರೋಕ್ ನೆಮ್ಮದಿ. ಅದಕ್ಕೆ ಬರೀ ಪೆಟ್ರೋಲ್.

ಆದರೆ ಫೋರ್ ಸ್ಟ್ರೋಕ್ ಬೇರೆ ಬಗೆಯ ಶಿಸ್ತು ಕೇಳುತ್ತದೆ. ಜಿಎಕ್ಸ್ 35ರಲ್ಲಿ ಹಿಡಿಸುವುದು ಬರೀ 100 ಮಿಲಿ ಆಯಿಲ್, ಒಂದು ಸಣ್ಣ ಲೋಟದಷ್ಟು. ಅದು ಕಡಿಮೆಯಾದದ್ದು ಹೊರಗೆ ಕಾಣುವುದಿಲ್ಲ. ಪ್ರತಿದಿನ ಸ್ಟಾರ್ಟ್ ಮಾಡುವ ಮೊದಲು ಮುಚ್ಚಳ ತೆಗೆದು ನೋಡಬೇಕು. ಮೊದಲ 10 ಗಂಟೆಗೆ ಒಮ್ಮೆ ಬದಲಿಸಬೇಕು, ಆಮೇಲೆ 50 ಗಂಟೆಗೊಮ್ಮೆ. ಇಷ್ಟು ಮಾಡದಿದ್ದರೆ ಎಂಜಿನ್ ಜಾಮ್ ಆಗುತ್ತದೆ. ವಾಲ್ವ್ ಸರಿ ಮಾಡುವ ಕೆಲಸ ಊರಿನ ಎಲ್ಲ ಮೆಕ್ಯಾನಿಕ್‌ಗೂ ಒಗ್ಗುವುದಿಲ್ಲ. ಧರೆಯ ಮೇಲೆ ಓರೆಯಾಗಿ ಹಿಡಿದರೆ ಆಯಿಲ್ ತೊಂದರೆ ಆಗುತ್ತದಾ ಅಂತ ಕೇಳುತ್ತಾರೆ. ಹೋಂಡಾದ ಈ ಎಂಜಿನ್‌ಗಳನ್ನು ಯಾವ ಕೋನದಲ್ಲಿ ಹಿಡಿದರೂ ಓಡುವಂತೆಯೇ ಮಾಡಿದ್ದಾರೆ. 140 ಎಫ್ ಅಂತ ಬರೆದು ಬರುವ ಅಗ್ಗದ ಫೋರ್ ಸ್ಟ್ರೋಕ್‌ಗಳು ಇದೇ ಎಂಜಿನ್ನಿನ ನಕಲು. ಬೆಲೆ ಅರ್ಧಕ್ಕೂ ಕಡಿಮೆ ಇರುತ್ತದೆ. ಎರಡು ಎಕರೆಯವರಿಗೆ, ಆಯಿಲ್ ಬಗ್ಗೆ ಕಾಳಜಿ ಇರುವವರಿಗೆ ಅದು ಕೆಟ್ಟ ಆಯ್ಕೆಯಲ್ಲ.

ಸ್ಟಿಲ್‌ನಲ್ಲಿ ಫೋರ್ ಮಿಕ್ಸ್ ಎಂಬ ನಡುವಿನ ದಾರಿಯೂ ಒಂದಿದೆ. ನಡೆಯುವುದು ಫೋರ್ ಸ್ಟ್ರೋಕ್‌ನಂತೆ, ಕುಡಿಯುವುದು ಎಣ್ಣೆ ಬೆರೆಸಿದ ಪೆಟ್ರೋಲ್. ಆಯಿಲ್ ಬದಲಿಸುವ ಕೆಲಸ ಇಲ್ಲ. ಬೆಲೆ ಮೇಲಿನ ಹಂತದ್ದು, ಡೀಲರ್ ಹತ್ತಿರ ಇದ್ದರೆ ಮಾತ್ರ ಯೋಚಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮೂರರಿಂದ ಐದು ಎಕರೆ ಅಡಿಕೆ, ಬಹುಪಾಲು ಮೆತ್ತನೆ ಹುಲ್ಲು, ಹಿಡಿಯುವವರು ಮನೆಯವರೇ ಅಥವಾ ಕಾಯಂ ಆಳು ಅಂದರೆ 35 ಸಿಸಿಯ ಫೋರ್ ಸ್ಟ್ರೋಕ್. ಬೆಟ್ಟ, ಬೇಣ (ಹುಲ್ಲುಗಾವಲು), ಬೇಲಿ ಎಲ್ಲ ಸೇರಿ ಪೊದೆ ಜಾಸ್ತಿ ಇದ್ದರೆ 40 ಸಿಸಿಯ ಕಂಪನಿ ಟೂ ಸ್ಟ್ರೋಕ್. ಹತ್ತಿರದ ಪೇಟೆಯಲ್ಲಿ ಎರಡರಲ್ಲಿ ಒಂದಕ್ಕೆ ಮಾತ್ರ ಒಳ್ಳೆಯ ಸರ್ವಿಸ್ ಇದ್ದರೆ ಈ ಲೆಕ್ಕ ಎಲ್ಲ ಬಿಟ್ಟು ಅದನ್ನೇ ತಗೊಳ್ಳಿ.

ಬೆನ್ನಿಗೆ ಹೊರುವುದು

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆನ್ನಿಗೆ ಹೊರುವ ಮಾದರಿ ತುಂಬಾ ಕಾಣುತ್ತದೆ. ಎಂಜಿನ್ ಬೆನ್ನ ಮೇಲೆ, ಕೈಯಲ್ಲಿ ಕೋಲು ಮಾತ್ರ. ಗಿಡದ ಸುತ್ತ, ಕಡಿದಾದ ಜಾಗದಲ್ಲಿ ಕೋಲನ್ನು ಬೇಕಾದ ಕಡೆ ಚಾಚಬಹುದು. ತೋಳಿಗೆ ಆರಾಮ. ಒಟ್ಟು ಭಾರ ಜಾಸ್ತಿ, ಆದರೆ ಎರಡೂ ಹೆಗಲಿಗೆ ಹಂಚಿಹೋಗುತ್ತದೆ.

ತೊಡಕು ಎರಡು. ಎಂಜಿನ್‌ನಿಂದ ಕೋಲಿಗೆ ಹೋಗುವ ಬಾಗುವ ಕೇಬಲ್‌ಗೆ ಆಗಾಗ ಗ್ರೀಸ್ ಹಾಕಬೇಕು, ಇಲ್ಲದಿದ್ದರೆ ತುಂಡಾಗುತ್ತದೆ. ಎರಡನೆಯದು ಇನ್ನೂ ಮುಖ್ಯ. ಜಾರಿ ಬಿದ್ದರೆ ಬಿಸಿ ಎಂಜಿನ್ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬಕಲ್ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದಾ ಅಂತ ಕೊಳ್ಳುವ ಮೊದಲು ಹಾಕಿಕೊಂಡು ನೋಡಿ. ಸಮತಟ್ಟು ಅಡಿಕೆ ತೋಟಕ್ಕೆ ಇದರ ಅಗತ್ಯ ಇಲ್ಲ.

ಪಕ್ಕಕ್ಕೆ ಹೊರುವ ಮಾದರಿಯಲ್ಲೂ ಹಿಡಿ ಎರಡು ಬಗೆ. ಸೈಕಲ್ ಹ್ಯಾಂಡಲ್‌ನಂಥದ್ದು ಅಗಲ ಜಾಗಕ್ಕೆ, ಲಯಬದ್ಧವಾಗಿ ಬೀಸಲು ಚೆನ್ನ. ಸಣ್ಣ ಬಳೆಯಂಥ ಹಿಡಿ ಮರಗಳ ಸಂದಿಗೆ, ಧರೆಗೆ ಚೆನ್ನ. ಬೆಲ್ಟ್ ಮಾತ್ರ ಎರಡೂ ಹೆಗಲಿನದ್ದೇ ಇರಲಿ. ಜೊತೆಗೆ ಕೊಡುವ ಒಂಟಿ ಪಟ್ಟಿ ಬಿಟ್ಟು ಸಾವಿರ, ಒಂದೂವರೆ ಸಾವಿರ ಕೊಟ್ಟು ಒಳ್ಳೆಯ ಬೆಲ್ಟ್ ತಗೊಳ್ಳಿ. 10 ಸಾವಿರ ಹೆಚ್ಚಿನ ಮೆಷಿನ್ ಕೊಡದ ಆರಾಮ ಅದು ಕೊಡುತ್ತದೆ.

ಬ್ಯಾಟರಿ

ಸದ್ದಿಲ್ಲ, ಹೊಗೆ ಇಲ್ಲ, ಹಗ್ಗ ಎಳೆಯುವ ಕಷ್ಟ ಇಲ್ಲ. ಆಸೆ ಆಗುವುದು ಸರಿಯೇ. ಆದರೆ ಒಂದು ಲೆಕ್ಕ ಮಾಡಿ ನೋಡಿ. 36 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 180 ವ್ಯಾಟ್ ಅವರ್. ದಟ್ಟ ಹುಲ್ಲಿನಲ್ಲಿ ಮೋಟರ್ 700 ವ್ಯಾಟ್ ಎಳೆದರೆ ಕಾಲು ಗಂಟೆಗೆ ಮುಗಿಯಿತು. ಎಳೆ ಹುಲ್ಲಿನಲ್ಲಿ ಅರ್ಧ ಗಂಟೆ ಬರಬಹುದು. ಐದು ಎಕರೆಗೆ ಇದು ಸಾಲದು. ನಾಲ್ಕು ಬ್ಯಾಟರಿ ಇಟ್ಟುಕೊಂಡರೆ ಮೆಷಿನ್‌ಗಿಂತ ಬ್ಯಾಟರಿಗೇ ಹೆಚ್ಚು ಹಣ. ಮನೆ ಸುತ್ತ, ಅಂಗಳ, ಹೂದೋಟ, ಹಿತ್ತಿಲಿಗೆ ಮಾತ್ರ ತುಂಬಾ ಒಳ್ಳೆಯದು. ಮನೆಯ ಹೆಂಗಸರೂ ಹಿರಿಯರೂ ಸುಲಭವಾಗಿ ಬಳಸಬಹುದು.

ಚಕ್ರದ ಮೇಲೆ

ತೆಂಗಿನ ತೋಟ, ಮಾವಿನ ತೋಟ, ಬಯಲುಸೀಮೆಯ ಸಮತಟ್ಟು ಅಡಿಕೆ ಇರುವವರು ಇಲ್ಲಿ ಸ್ವಲ್ಪ ನಿಲ್ಲಿ. ತುಮಕೂರು, ತಿಪಟೂರು, ಅರಸೀಕೆರೆ ಕಡೆಯವರು ಹೆಗಲಿಗೆ ಹೊರುವ ಮೆಷಿನ್‌ನಲ್ಲಿ ಐದಾರು ಎಕರೆ ಸವರುವುದು ಸುಮ್ನೆ ಕಷ್ಟಪಟ್ಟಂತೆ.

ಕೈಯಲ್ಲಿ ತಳ್ಳಿಕೊಂಡು, ಅಥವಾ ತಾನೇ ಮುಂದೆ ಸಾಗುವ, 5ರಿಂದ 7 ಎಚ್‌ಪಿ ಎಂಜಿನ್ನಿನ ಹುಲ್ಲು ಕೊಚ್ಚುವ ಯಂತ್ರಗಳು ಸುಮಾರು ಎರಡು ಅಡಿ ಅಗಲ ಕತ್ತರಿಸುತ್ತವೆ. ಭಾರ ನೆಲದ ಮೇಲೆ, ಕೈಗೆ ದಿಕ್ಕು ತಪ್ಪದಂತೆ ಹಿಡಿಯುವ ಕೆಲಸ ಮಾತ್ರ. ಹುಲ್ಲನ್ನು ಸಣ್ಣಗೆ ಚೂರು ಮಾಡಿ ಹಾಸುತ್ತವೆ, ಬೇಗ ಕೊಳೆಯುತ್ತದೆ. ತಾನೇ ಸಾಗುವುದನ್ನೇ ತಗೊಳ್ಳಿ. ತಳ್ಳುವುದು ಅಂಗಡಿಯ ಸಿಮೆಂಟ್ ನೆಲದಲ್ಲಿ ಹಗುರ, ಒದ್ದೆ ಮಣ್ಣಲ್ಲಿ ಅಲ್ಲ. ಬೆಲೆ ಹೆಗಲಿನ ಮೆಷಿನ್‌ಗಿಂತ ಜಾಸ್ತಿ. ಕಾಲುವೆ ದಾಟುವುದಿಲ್ಲ, ಮರದ ಬುಡಕ್ಕೆ ಹೋಗುವುದಿಲ್ಲ. ಆದ್ದರಿಂದ ಇದರ ಜೊತೆಗೆ ಒಂದು ಸಣ್ಣ ವೀಡ್ ಕಟರ್ ಬೇಕೇ ಬೇಕು. ಬಜೆಟ್ ಹಾಕುವಾಗ ಎರಡನ್ನೂ ಸೇರಿಸಿ.

ಹತ್ತು ಎಕರೆ ದಾಟಿದರೆ, ಅಥವಾ ಬೇರೆ ಕೆಲಸಕ್ಕೂ ಬೇಕು ಅಂದರೆ, 20–25 ಎಚ್‌ಪಿಯ ಚಿಕ್ಕ ಟ್ರ್ಯಾಕ್ಟರ್‌ಗೆ ಹುಲ್ಲು ಕಡಿಯುವ ಸ್ಲ್ಯಾಷರ್ ಅಥವಾ ಪುಡಿ ಮಾಡುವ ಮಲ್ಚರ್ ಕಟ್ಟುವುದು ಲಾಭ. ಮಹೀಂದ್ರ ಜೀವೋ, ಕುಬೋಟಾ ನಿಯೋಸ್ಟಾರ್, ವಿಎಸ್‌ಟಿ ಇವೆಲ್ಲ ಸಾಲಿನ ಮಧ್ಯೆ ಹೋಗುವಂಥ ಕಿರಿದು ಟ್ರ್ಯಾಕ್ಟರ್‌ಗಳು. ತೆಂಗಿನ ಸೋಗೆಯನ್ನೂ ಮಲ್ಚರ್ ಪುಡಿ ಮಾಡುತ್ತದೆ. ಆದರೆ ಅದು ಲಕ್ಷಗಳ ಮಾತು. ಸ್ವಂತಕ್ಕೆ ಕೊಳ್ಳುವ ಮೊದಲು ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಏನು ಸಿಗುತ್ತದೆ ಅಂತ ವಿಚಾರಿಸಿ.

ಪವರ್ ವೀಡರ್ ಬಗ್ಗೆಯೂ ಒಂದು ಮಾತು. ಅದು ಹುಲ್ಲು ಕತ್ತರಿಸುವುದಿಲ್ಲ, ಮಣ್ಣು ಬಗೆಯುತ್ತದೆ. ಅಡಿಕೆಯ ಆಹಾರ ಹೀರುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಬುಡದ ಹತ್ತಿರ ಬಗೆದರೆ ಅವೆಲ್ಲ ತುಂಡು. ಮಲೆನಾಡು, ಕರಾವಳಿಯ ಮಳೆಗೆ ಬಗೆದ ಮಣ್ಣು ಹರಿದೇ ಹೋಗುತ್ತದೆ. ತರಕಾರಿ, ಕಬ್ಬು, ಹತ್ತಿಯ ಸಾಲಿಗೆ ಅದು ಬಹಳ ಒಳ್ಳೆಯ ಯಂತ್ರ. ತೋಟದ ಹುಲ್ಲಿಗಾಗಿ ಅದನ್ನು ಕೊಳ್ಳಬೇಡಿ.

ತಂತಿಯೋ ಬ್ಲೇಡೋ

ಮೆಷಿನ್‌ಗೆ ಅಷ್ಟು ತಲೆ ಕೆಡಿಸಿಕೊಂಡು ತುದಿಗೆ ಏನು ಹಾಕಬೇಕು ಅಂತ ಯಾರೂ ಕೇಳುವುದಿಲ್ಲ. ಕೆಲಸದ ಅರ್ಧ ಗುಣ ಅಲ್ಲೇ ಇದೆ.

ನೈಲಾನ್ ತಂತಿ ಕಲ್ಲಿಗೆ ತಾಗಿದರೂ ಹೆದರಿಕೆ ಇಲ್ಲ. ಗೋಡೆ, ಕಂಬ, ಕಟ್ಟೆ ಬದಿಗೆ ಅದೇ ಸರಿ. ಆದರೆ ಶಕ್ತಿ ತಿನ್ನುತ್ತದೆ, ಸವೆಯುತ್ತದೆ, ಸವೆದ ಪ್ಲಾಸ್ಟಿಕ್ ಚೂರೆಲ್ಲ ತೋಟದಲ್ಲೇ ಉಳಿಯುತ್ತದೆ. ಅಡಿಕೆ, ಬಾಳೆ, ಕಾಳುಮೆಣಸಿನ ಎಳೆ ಬಳ್ಳಿಗೆ ತಾಗಿದರೆ ಸಿಪ್ಪೆ ಸುಲಿದುಬಿಡುತ್ತದೆ. ಬುಡದ ಸುತ್ತ ಒಂದು ಸುತ್ತು ಸಿಪ್ಪೆ ಹೋದ ಎಳೆ ಗಿಡ ಬದುಕುವುದು ಕಷ್ಟ. ಡ್ರಿಪ್ ಪೈಪ್ ಬಗ್ಗೆ ಹೇಳುವುದೇ ಬೇಡ. ಪೈಪ್ ಇರುವ ಸಾಲಿನಲ್ಲಿ ಬುಡದ ಹುಲ್ಲನ್ನು ಕತ್ತಿಯಿಂದಲೇ ತೆಗೆಸಿ, ನಡುವಿನದ್ದಕ್ಕೆ ಮಾತ್ರ ಮೆಷಿನ್.

ತೋಟದ ದಿನನಿತ್ಯದ ಹುಲ್ಲಿಗೆ ಎರಡು ಅಥವಾ ಮೂರು ಹಲ್ಲಿನ ಬ್ಲೇಡ್ ಉತ್ತಮ. ಅರದಿಂದ ಹರಿತ ಮಾಡಬಹುದು, ಪೆಟ್ರೋಲ್ ಉಳಿಯುತ್ತದೆ. ಲಂಟಾನದಂಥ ಗಟ್ಟಿ ಕಾಂಡಕ್ಕೆ 40 ಅಥವಾ 80 ಹಲ್ಲಿನ ಗುಂಡು ಬ್ಲೇಡ್. ಬ್ಲೇಡ್ ಹಾಕುವಾಗ ಕಲ್ಲು ಇರುವ ಜಾಗ ಮೊದಲೇ ಗೊತ್ತಿರಬೇಕು. ಬಿದ್ದ ಸೋಗೆ, ಹಾಳೆ ಮೊದಲೇ ಎತ್ತಿ ಬದಿಗಿಡಿ. ಕಾಯಿ ಬೀಳುವ ಕಾಲಕ್ಕೆ ಮೊದಲು ಒಂದು ಸಲ ಹೊಡೆದರೆ ಉದುರಿದ ಅಡಿಕೆ ಹೆಕ್ಕಲು ಸುಲಭ.

ಕಾವಲು ತಗಡು ಬಿಚ್ಚಿ ಓಡಿಸುವುದು ನಮ್ಮಲ್ಲಿ ಮಾಮೂಲಾಗಿದೆ. ದಯವಿಟ್ಟು ಬೇಡ. ಬ್ಲೇಡಿಗೆ ತಾಗಿದ ಕಲ್ಲು ಎಲ್ಲಿಗೆ ಹಾರುತ್ತದೆ ಅಂತ ಹೇಳಲಾಗುವುದಿಲ್ಲ. ಅದಕ್ಕೇ ಕೈಪಿಡಿಗಳು 15 ಮೀಟರ್ ಸುತ್ತ ಯಾರೂ ಇರಬಾರದು ಎನ್ನುತ್ತವೆ. ಮುಖಕ್ಕೆ ಜಾಲರಿ ಅಥವಾ ಪಾರದರ್ಶಕ ಪರದೆ, ಕಿವಿಗೆ ಮುಚ್ಚಳ, ಕಾಲಿಗೆ ಗಟ್ಟಿ ಬೂಟು. ಕಾಂಗ್ರೆಸ್ ಗಿಡ ಇರುವ ಕಡೆ ತಂತಿ ಹೊಡೆದರೆ ಅದರ ರಸ, ಪುಡಿ ಮೈಗೆ ಸಿಡಿದು ತುರಿಕೆ ಏಳುತ್ತದೆ. ಉದ್ದ ತೋಳಿನ ಅಂಗಿ ಬೇಕು. ಈ ಸಾಮಾನಿಗೆ ಎರಡು ಮೂರು ಸಾವಿರ ಬಜೆಟ್‌ನಲ್ಲೇ ತೆಗೆದಿಡಿ. ಆಳಿಗೆ ಕೊಡುವುದಾದರೂ ಅಷ್ಟೇ, ಅವರ ಕಣ್ಣೂ ಕಣ್ಣೇ.

ಕೈಯಲ್ಲಿರುವ ಹಣಕ್ಕೆ ತಕ್ಕಂತೆ

15 ಸಾವಿರದ ಒಳಗೆ ಅಂದರೆ, ಎರಡು ಎಕರೆವರೆಗೆ ನಕಲು ಫೋರ್ ಸ್ಟ್ರೋಕ್ ಮತ್ತು ಒಳ್ಳೆಯ ಬೆಲ್ಟ್. ಅದಕ್ಕಿಂತ ಹೆಚ್ಚು ಜಾಗ ಇದ್ದು ಹಣ ಇಷ್ಟೇ ಇದ್ದರೆ, ಮೆಷಿನ್ ಸಮೇತ ಬರುವವರಿಗೆ ಗಂಟೆ ಲೆಕ್ಕದಲ್ಲಿ ಕೊಟ್ಟು ಮಾಡಿಸುವುದೂ ತಪ್ಪಲ್ಲ. ಒಬ್ಬ ಪಳಗಿದವನು ದಟ್ಟ ಹುಲ್ಲಿನಲ್ಲಿ ದಿನಕ್ಕೆ ಅರ್ಧ ಎಕರೆ, ಎಳೆಯದರಲ್ಲಿ ಒಂದು ಎಕರೆಯ ಹತ್ತಿರ ಮುಗಿಸುತ್ತಾನೆ. ನಿಮ್ಮ ಊರಿನ ದರ ಹಾಕಿ ವರ್ಷದ ಲೆಕ್ಕ ಮಾಡಿ. ಸ್ವಂತ ಮೆಷಿನ್‌ನ ಬೆಲೆ ಎರಡು ವರ್ಷದಲ್ಲಿ ಹುಟ್ಟದಿದ್ದರೆ ಕೊಳ್ಳುವ ಅವಸರ ಬೇಡ.

25ರಿಂದ 40 ಸಾವಿರ ಇದ್ದರೆ ಮೇಲೆ ಹೇಳಿದ ಜೋಡಿಯಲ್ಲಿ ಒಂದು. ಅದಕ್ಕಿಂತ ಹೆಚ್ಚು ಹಾಕಬಲ್ಲಿರಿ, ನೆಲ ಸಮ ಇದೆ ಅಂದರೆ ಚಕ್ರದ್ದೊಂದು, 25 ಸಿಸಿಯ ಸಣ್ಣ ಫೋರ್ ಸ್ಟ್ರೋಕ್ ಒಂದು. ಕಡಿದಾದ ಕಾಫಿ ತೋಟಕ್ಕೆ ಮಾತ್ರ ಬೆನ್ನಿನದ್ದು. ಅಣ್ಣತಮ್ಮಂದಿರು, ನೆರೆಯವರು ಸೇರಿ ಒಂದೇ ಮೆಷಿನ್ ಕೊಳ್ಳುವುದಾದರೆ ಫೋರ್ ಸ್ಟ್ರೋಕ್ ಬೇಡ ಅನ್ನುತ್ತೇನೆ. ಹತ್ತು ಕೈ ಸೇರಿದಲ್ಲಿ ಆಯಿಲ್ ನೋಡುವುದು ಯಾರ ಕೆಲಸವೂ ಆಗುವುದಿಲ್ಲ. ಅಲ್ಲಿ ಟೂ ಸ್ಟ್ರೋಕ್ ಇರಲಿ, ಮಿಶ್ರಣವನ್ನು ಒಬ್ಬರೇ ಮಾಡಿ ಕ್ಯಾನ್‌ನಲ್ಲಿ ಇಡಲಿ.

ಸಹಾಯಧನ ಮರೆಯಬೇಡಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದ ರೈತರಿಗೆ ಶೇ. 50ರವರೆಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90ರವರೆಗೆ ಮಿತಿಗೊಳಪಟ್ಟು ಸಿಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಫ್ರೂಟ್ಸ್ ಐಡಿ, ಅಂದರೆ ರಾಜ್ಯ ಸರ್ಕಾರದ ರೈತ ನೋಂದಣಿ ಸಂಖ್ಯೆ, ಬೇಕು. ಪಟ್ಟಿಯಲ್ಲಿರುವ ಮಾದರಿ, ಪಟ್ಟಿಯಲ್ಲಿರುವ ಡೀಲರ್ ಆಗಬೇಕು. ಮೊದಲು ಅರ್ಜಿ, ಆಮೇಲೆ ಖರೀದಿ. ಮೆಷಿನ್ ತಂದಾದ ಮೇಲೆ ಬಿಲ್ ಹಿಡಿದು ಹೋದರೆ ಕೆಲಸ ಆಗುವುದಿಲ್ಲ. ಸಹಾಯಧನದಲ್ಲಿ ಬರುವ ಮಾದರಿಗೆ ನಿಮ್ಮ ಪೇಟೆಯಲ್ಲಿ ಬಿಡಿಭಾಗ ಸಿಗುವುದಿಲ್ಲ ಅಂತ ಗೊತ್ತಾದರೆ, ಪೂರ್ತಿ ಹಣ ಕೊಟ್ಟು ಸಿಗುವಂಥದ್ದನ್ನು ತರುವುದೇ ವಾಸಿ ಅನ್ನುವ ಸಂದರ್ಭವೂ ಇದೆ.

ಕೊಳ್ಳುವ ದಿನ ಅಂಗಡಿಯಲ್ಲಿ ಸ್ಟಾರ್ಟ್ ಮಾಡಿಸಿ ನೋಡಿದರೆ ಸಾಲದು. ಬೆಲ್ಟ್ ಹಾಕಿಕೊಂಡು, ನಿಮ್ಮ ಎತ್ತರಕ್ಕೆ ಸರಿ ಮಾಡಿಸಿ, ಹತ್ತು ನಿಮಿಷ ಹಿಡಿದು ನಿಲ್ಲಿ. ಕೈ ಬಿಟ್ಟಾಗ ಬ್ಲೇಡ್ ನೆಲಕ್ಕೆ ಸಮನಾಗಿ ತೂಗಬೇಕು. ತಣ್ಣಗಾದ ಎಂಜಿನನ್ನು ನೀವೇ ಹಗ್ಗ ಎಳೆದು ಸ್ಟಾರ್ಟ್ ಮಾಡಿ. ಬಿಸಿ ಆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಮಾಡಿ. ತುದಿಯ ಗೇರ್ ಪೆಟ್ಟಿಗೆಗೆ ಗ್ರೀಸ್ ಎಲ್ಲಿ ಹಾಕುವುದು, ಏರ್ ಫಿಲ್ಟರ್ ಹೇಗೆ ತೆಗೆಯುವುದು ಅಂತ ತೋರಿಸಿಕೊಳ್ಳಿ. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಅದು ಗಾಳಿಯ ತೇವ ಹೀರುತ್ತದೆ. ಈ ಮಾದರಿಯ ಕಾರ್ಬ್ಯುರೇಟರ್, ಪೈಪ್ ಅದಕ್ಕೆ ತಡೆಯುತ್ತದಾ ಅಂತ ಕೇಳಿ. ತಡೆಯುತ್ತದೆ ಅಂದರೂ, ಹುಲ್ಲಿನ ಕೆಲಸ ಮುಗಿದು ತಿಂಗಳುಗಟ್ಟಲೆ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ, ಆಮೇಲೆ ಒಳಗಿಡಿ. ಮುಂದಿನ ಮಳೆಗಾಲಕ್ಕೆ ಮೆಕ್ಯಾನಿಕ್ ಬಳಿ ಸಾಲು ನಿಲ್ಲುವವರಲ್ಲಿ ಹೆಚ್ಚಿನವರದ್ದು ಹಳೆ ಪೆಟ್ರೋಲ್ ಒಳಗೇ ಬಿಟ್ಟ ಮೆಷಿನ್.